ಒಂದು ಒತ್ತಕ್ಷರದ ಸುತ್ತ ಕಟ್ಟಿದ ಕಾಮಿಕ್ಸ್

ನಮ್ಮ ಕಾಮಿಕ್ಸ್‌ನ ಪತ್ತೇದಾರಿ ಗಂಗಮ್ಮ, ವಯಸ್ಸು 58. ಕಾಲ 2091. ಬತ್ತಿಹೋದ ಬೆಳ್ಳಂದೂರು ಕೆರೆಯ ಹೂಳಿನಲ್ಲಿ ಒಬ್ಬ ಕನ್ನಡ ಮೇಷ್ಟ್ರ ಹೆಣ ಸಿಗುತ್ತದೆ. (2017ರಲ್ಲಿ ಅದೇ ಕೆರೆಗೆ ಬೆಂಕಿ ಬಿದ್ದದ್ದನ್ನು ನೋಡಿದವರಿಗೆ ಇದೇನು ಮಹಾ ಕಲ್ಪನೆ ಅಲ್ಲ ಬಿಡಿ.) ಕಥೆ ನನ್ನದು, ಚಿತ್ರ ಗೆಳೆಯನದು, ಒಟ್ಟು 48 ಪುಟ.

ದುಡ್ಡನ್ನು ಓದುವವರಿಂದಲೇ ಮುಂಗಡವಾಗಿ ಕೇಳೋಣ ಅಂದುಕೊಂಡೆವು. 2013ರ ‘ಲೂಸಿಯಾ’ ಸಿನಿಮಾ ಹೀಗೆ ಜನರ ದುಡ್ಡಲ್ಲೇ ಆಗಿತ್ತು, ಅಲ್ವಾ? ಹೀಗೆ ದುಡ್ಡು ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಭಾರತದಲ್ಲಿರುವ ನಮಗೆ ದಕ್ಕಲಿಲ್ಲ. ಹಾಗಾಗಿ ಒಂದು ಗೂಗಲ್ ಫಾರ್ಮ್, ಒಂದು ಯುಪಿಐ ಕ್ಯೂಆರ್ ಕೋಡ್. ಪ್ರತಿಗೆ 250 ರೂಪಾಯಿ. ಮೊದಲ ವಾರ ನೆಂಟರು, ಆಫೀಸಿನವರು ಹಾಕಿದರು. ಆಮೇಲೆ ಎರಡು ವಾರ ಫೋನು ‘ಟಿಂಗ್’ ಅನ್ನಲೇ ಇಲ್ಲ. ಕೊನೆಗೆ ಮೊದಲ 8 ಪುಟ ಬಿಟ್ಟಿ ಹಂಚಿದೆವು. ಹೆಣದ ಮುಖದ ಮೇಲಿನ ಕೆಸರನ್ನು ಗಂಗಮ್ಮ ಸೆರಗಿನಲ್ಲಿ ಒರೆಸುವ ಕಡೆ ಸುಮ್ನೆ ನಿಲ್ಲಿಸಿಬಿಟ್ಟೆವು. ಒಟ್ಟು 312 ಜನ ದುಡ್ಡು ಹಾಕಿದರು. ಪ್ರಿಂಟಿಂಗು, ಅಂಚೆ ಖರ್ಚು ಹುಟ್ಟಿತು. ನಮ್ಮಿಬ್ಬರ ಕೂಲಿ ಹುಟ್ಟಲಿಲ್ಲ.

ನಿಜವಾದ ಗೋಳು ಮಾತಿನ ಗುಳ್ಳೆಗಳದ್ದು. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಎಲ್ಲ ದೊಡ್ಡಕ್ಷರ, ಸಾಲುಗಳು ಒತ್ತಾಗಿ ಕೂರುತ್ತವೆ. ನಮ್ಮಲ್ಲಿ ಕೆಳಗೆ ಒತ್ತು ಇಳಿಯುತ್ತೆ, ಮೇಲೆ ಗುಡಿಸು ಏರುತ್ತೆ. ಸಾಲಿನ ಮಧ್ಯೆ ಜಾಗ ಬಿಡದಿದ್ದರೆ ಒಂದಕ್ಕೊಂದು ಗುದ್ದುತ್ತವೆ. ಗುಳ್ಳೆ ದೊಡ್ಡದಾಗಿ ಗಂಗಮ್ಮನ ತಲೆಯನ್ನೇ ನುಂಗಿತು. ಚಿತ್ರ ಕುಗ್ಗಿಸಲು ಗೆಳೆಯ ಒಪ್ಪಲಿಲ್ಲ. ನಾನು ಮಾತು ಕುಗ್ಗಿಸಿದೆ. ಕಥೆಗೆ ಒಳ್ಳೆಯದೇ ಆಯಿತು.

ಇನ್ನು ಫೋಟೋಶಾಪ್. ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರವೆಲ್ಲ ಒಡೆದು ಬಂತು. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಬೇಕಿತ್ತು ಅಂತ ಗೊತ್ತಾಗೋ ಹೊತ್ತಿಗೆ ಮೂರು ರಾತ್ರಿ ಹಾಳಾಗಿತ್ತು. ಆದರೆ ಆ ಮೂರನೇ ರಾತ್ರಿ, ತೆರೆಯ ಮೇಲೆ ‘ದತ್‌ತು’ ಅಂತ ಒಡೆದು ನಿಂತಿದ್ದ ಪದ ನೋಡುತ್ತಾ ಕೂತಿದ್ದಾಗ, ತಿಂಗಳಿಂದ ಹುಡುಕುತ್ತಿದ್ದ ಸುಳಿವು ಸಿಕ್ಕಿತು. ಮೇಷ್ಟ್ರ ವಿಲ್‌ನಲ್ಲಿ ಆಸ್ತಿಯೆಲ್ಲ ‘ದತ್‌ತು ಮಗನಿಗೆ’ ಅಂತಿದೆ. “ನಲವತ್ತು ವರ್ಷ ಕನ್ನಡ ಪಾಠ ಮಾಡಿದೋರು ಹಿಂಗೆ ಬಿಟ್ಟು ಸಹಿ ಹಾಕ್ತಾರಾ?” ಅಂತಾಳೆ ಗಂಗಮ್ಮ. ವಿಲ್ ಬರೆದದ್ದು ಕನ್ನಡ ಬಾರದ ಯಂತ್ರ. ವಿಲ್ 31ನೇ ಪುಟದಲ್ಲಿ, ಅಂದರೆ ಬಲಗಡೆ. ಅವಳ ಮಾತು ಪುಟ ತಿರುವಿದ ಮೇಲೆ.

ಇನ್ನು ಅಚ್ಚು. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪ್ಲೇಟು. ಅಕ್ಷರವೆಲ್ಲ ಕಪ್ಪು ಪ್ಲೇಟಿನಲ್ಲಿ ಮಾತ್ರ ಬರಬೇಕು. ನಾಲ್ಕು ಬಣ್ಣ ಸೇರಿಸಿ ಕಪ್ಪು ಮಾಡಿದರೆ, ಪ್ಲೇಟು ಕೂದಲೆಳೆ ಸರಿದರೂ ಅಕ್ಷರಕ್ಕೆ ನೆರಳು ಬೀಳುತ್ತೆ. ಅದಕ್ಕೆ ಅಕ್ಷರದ ಲೇಯರನ್ನು ಪ್ರತ್ಯೇಕ ಇಟ್ಟು ಫೈಲನ್ನು ಪ್ರೆಸ್ಸಿಗೆ ಕೊಟ್ಟಿದ್ದೆವು. ಪ್ರೂಫ್ ನೋಡಲು ಹೋದರೆ ಡಿಟಿಪಿಯವರು ಖುಷಿಯಿಂದ ಹೇಳಿದರು: “ಸಾರ್, 31ನೇ ಪುಟದಲ್ಲಿ ಒತ್ತು ಒಡೆದಿತ್ತು. ನಾನೇ ಸರಿ ಮಾಡಿದೀನಿ.”

ಪುಣ್ಯಕ್ಕೆ ಪ್ಲೇಟ್ ಆಗಿರಲಿಲ್ಲ. ಕೂರಿಸಿಕೊಂಡು ಇಡೀ ಕಥೆ ಹೇಳಿದೆ. ಮತ್ತೆ ಅದನ್ನು ಒಡೆದರು. ಪ್ರೂಫಿನ ಮೇಲೆ ಕೆಂಪು ಪೆನ್ನಲ್ಲಿ ದೊಡ್ಡದಾಗಿ ಬರೆದರು: “ತಪ್ಪು ಬೇಕಂತಲೇ ಇದೆ. ಯಾರೂ ತಿದ್ದಬೇಡಿ.”