ರಾತ್ರಿಯ ಆ ತಾಸನ್ನು ಸಂಜೆಗೆ ಎಳೆದು ತಂದೆ

ನಿದ್ದೆ ಬರುತ್ತಿದ್ದರೂ ಮಲಗಲು ಮನಸ್ಸಾಗದೆ ರಾತ್ರಿ ಒಂದೂವರೆವರೆಗೆ ಸುಮ್ಮನೆ ಕೂರುವ ಚಾಳಿ ನನ್ನದಾಗಿತ್ತು. ಅದು ಬಿಟ್ಟು ಹನ್ನೊಂದರೊಳಗೆ ಮಲಗುವುದು ರೂಢಿಯಾಗಿ ಹತ್ತಿರ ಹತ್ತಿರ ವರ್ಷವಾಯಿತು. "ಬ್ಯಾಂಕು, ಮಕ್ಕಳು, ಅಡಿಗಿ, ಇದರಾಗ ಸಂಜೀ ಒಂದು ತಾಸು ನಿನಗಂತ ಎಲ್ಲಿಂದ ತರ್ತೀಯವಾ?" ಎಂದಿದ್ದ ಅತ್ತೆಯೇ ಈಗ ನಾದಿನಿಗೆ ಇದನ್ನು ಹೇಳಿಕೊಡುತ್ತಿದ್ದಾರೆ.

ಫೋನ್ ಹೊರಗಿಡುವುದು, ಸಂಜೆಯ ಚಹಾ ಬಿಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ 1,200, ನಿದ್ದೆ ಅಳೆಯುವ ಕೈಗಡಿಯಾರಕ್ಕೆ ಸುಮಾರು 3,500, ಕಂತಿನ ಮೇಲೆ ತಂದ ಗಾದಿಗೆ 18,000 ಸುರಿದೆ. ಗಾದಿ ಚೆನ್ನಾಗಿಯೇ ಇದೆ, ಮೈಚೆಲ್ಲಿದರೆ ಹತ್ತು ನಿಮಿಷಕ್ಕೆ ನಿದ್ದೆ. ಮೈಚೆಲ್ಲಲು ಮನಸ್ಸೇ ಬಾರದಿದ್ದರೆ ಗಾದಿ ಏನು ಮಾಡೀತು? ಫೋನ್ ಕಪಾಟಿಗೆ ಸೇರಿದ ರಾತ್ರಿ ಹಳೇ ವಾರಪತ್ರಿಕೆ ಹಿಡಿದು ಒಂದೂವರೆವರೆಗೆ ಕೂತಿದ್ದೆ.

ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಫ್ಲೋರ್ ಕ್ರೂಸೆ ಮತ್ತು ಸಂಗಡಿಗರು 2014ರಲ್ಲಿ, ಮಲಗುವುದನ್ನು ಹೀಗೆ ಮುಂದೂಡುವುದು ಮನಸ್ಸಿನ ಹಿಡಿತಕ್ಕೆ ಸಂಬಂಧಿಸಿದ್ದೆಂದು ಬರೆದರು. ನನಗದು ಅರ್ಧ ಮಾತ್ರ ಒಪ್ಪಿಗೆ. ಚೀನಾದಲ್ಲಿ ಬೆಳಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ ದುಡಿಯುವವರು ಹಗಲಿನ ಮೇಲೆ ಸೇಡು ತೀರಿಸಿಕೊಳ್ಳುವಂತೆ ಎಚ್ಚರವಿರುತ್ತಾರೆ ಎಂದು ಓದಿದಾಗ ನನ್ನ ರೋಗ ಸಿಕ್ಕಿತು. ದಿನವಿಡೀ ಕೌಂಟರಿನವರದು, ಮಕ್ಕಳದು, ಒಲೆಯದು. ಯಾರೂ ಕರೆಯದ ಹೊತ್ತು ಹನ್ನೊಂದರ ಮೇಲೆ ಮಾತ್ರ. ಅದನ್ನು ಕೈಯಾರೆ ಮುಗಿಸಲು ಯಾರಿಗೆ ಮನಸ್ಸು ಬರುತ್ತದೆ?

ಹಾಗಾಗಿ ಆ ಹೊತ್ತನ್ನೇ ಸಂಜೆ ಆರೂವರೆಗೆ ತಂದೆ. ರೊಟ್ಟಿ ಬಡಿಯುವುದನ್ನು ಬಿಟ್ಟು ಖಾನಾವಳಿಯಿಂದ ತರಿಸಿದೆ. ತಿಂಗಳಿಗೆ 2,000ದ ಆಸುಪಾಸು. ಮನೆಯಲ್ಲಿ ಗುಸುಗುಸು ಎದ್ದದ್ದು ಇದಕ್ಕೇ. ಮನೆಯವರನ್ನು ಹೇಗೆ ಒಪ್ಪಿಸಿದೆ ಎಂಬುದು ನನ್ನಲ್ಲೇ ಇರಲಿ.

ಮೊದಲು ಆ ತಾಸಿನಲ್ಲಿ ಫೋನ್ ನೋಡಿದೆ. ಪ್ರಯೋಜನವಾಗಲಿಲ್ಲ, ರಾತ್ರಿ ಮತ್ತೆ ನನ್ನದೇ ಹೊತ್ತಿನ ಹಸಿವು. ಕಸೂತಿ ಹಿಡಿದ ಮೇಲೆ ಬದಲಾಯಿತು. ಗವಂತಿ, ಮುರಗಿ ಎಂಬ ಹೊಲಿಗೆ ಹಾಕಲು ಬಟ್ಟೆಯ ಎಳೆ ಎಣಿಸಲೇಬೇಕು, ಲಕ್ಷ್ಯ ತಪ್ಪಿದರೆ ಗೋಪುರದ ಚಿತ್ತಾರ ಸೊಟ್ಟ. ಹೊತ್ತು ನನ್ನದಾಯಿತೆಂಬುದು ಕೈಗೂ ಗೊತ್ತಾಗುತ್ತದೆ. ಮೂರು ವಾರದೊಳಗೆ ಒಂದೂವರೆಯಿಂದ ಹನ್ನೆರಡಕ್ಕೆ ಬಂದೆ.

ಉಳಿದ ಒಂದು ತಾಸು ಸೋಮಾರಿತನದ್ದು. ಹಲ್ಲುಜ್ಜುವುದು, ಹಾಲಿಗೆ ಹೆಪ್ಪು ಹಾಕುವುದು, ಗೇಟಿಗೆ ಕೀಲಿ, ಇವಕ್ಕೆ ಏಳಬೇಕಲ್ಲ ಎಂದೇ ಕುರ್ಚಿ ಬಿಡುತ್ತಿರಲಿಲ್ಲ. ಎಲ್ಲವನ್ನೂ ಊಟವಾದ ಕೂಡಲೇ, ಒಂಬತ್ತಕ್ಕೇ ಮುಗಿಸುತ್ತೇನೆ.

ನಡುವೆ ಇನ್ನೊಂದು ಪ್ರಯೋಗ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದಂತೆ, ನಾಳೆಯ ಕೆಲಸಗಳನ್ನು 5 ನಿಮಿಷ ಬರೆದು ಮಲಗಿದವರಿಗೆ ಬೇಗ ನಿದ್ದೆ ಬಂತು. ನನಗೂ ಬಂತು. ಆದರೆ ಅದು ಹಾಸಿಗೆಗೆ ಹೋದ ಮೇಲಿನ ಮಾತು, ಹಾಸಿಗೆಗೆ ಎಬ್ಬಿಸಿ ಕಳಿಸುವುದಿಲ್ಲ.

ಮಾರ್ಚ್ ಕೊನೆಯ ಲೆಕ್ಕದ ವಾರಗಳಿಗೆ ಬೇರೆಯೇ ಏರ್ಪಾಡಿದೆ, ಇನ್ನೊಂದು ವರ್ಷ ನೋಡಿ ಹೇಳುತ್ತೇನೆ. ಕಳೆದ ದೀಪಾವಳಿಗೆ ಕಸೂತಿಯ ಒಂದು ಸೆರಗು 4,000ಕ್ಕೆ ಹೋಯಿತು, ಎರಡು ತಿಂಗಳ ರೊಟ್ಟಿಯ ದುಡ್ಡು.