ಅರಿಶಿನದ ಪರೀಕ್ಷೆಯಲ್ಲಿ ಫೇಲಾದದ್ದು ನಾನು

ಪ್ರಥಮ ಪಿಯುಸಿ ಪ್ರವೇಶ ಶುರುವಾಯಿತೆಂದರೆ ನನ್ನ ಮೇಜಿನ ಮುಂದೆ ಒಂದೇ ಮಾತು ಬೇರೆ ಬೇರೆ ಬಾಯಿಗಳಿಂದ ಬರುತ್ತದೆ. ‘ಗೃಹ ವಿಜ್ಞಾನ ಎಂದರೆ ಅಡುಗೆ ತಾನೆ ಮೇಡಂ? ಅದನ್ನು ಅವಳ ಅವ್ವ ಮನೆಯಲ್ಲಿಯೇ ಕಲಿಸುತ್ತಾಳೆ. ಬೇರೆ ಯಾವುದಾದರೂ ಐಚ್ಛಿಕ ವಿಷಯ ಕೊಡಿ.’ ಹೇಳುವವರು ಅಪ್ಪಂದಿರು. ಮಗಳು ಪಕ್ಕದಲ್ಲಿ ನಿಂತು ಅರ್ಜಿಯ ಮೂಲೆಯನ್ನು ಮಡಚುತ್ತಾ ಬಿಚ್ಚುತ್ತಾ ಇರುತ್ತಾಳೆ. ಉತ್ತರ ಕರ್ನಾಟಕದ ಒಂದು ತಾಲೂಕು ಕೇಂದ್ರದ ಕಾಲೇಜಿನಲ್ಲಿ ನಾನು ಈ ವಿಷಯ ಕಲಿಸಲು ಬಂದು 16 ವರ್ಷಗಳಾದವು. ಮೊದಮೊದಲು ಆ ಮಾತಿಗೆ ಸಿಟ್ಟು ಬರುತ್ತಿತ್ತು. ಒಂದು ದಿನ ನನ್ನದೇ ವಿದ್ಯಾರ್ಥಿನಿಯರ ರೆಕಾರ್ಡ್ ಪುಸ್ತಕಗಳ ರಾಶಿಗೆ ಸಹಿ ಹಾಕುತ್ತಾ ಕುಳಿತಾಗ, ಆ ಅಪ್ಪಂದಿರ ಮಾತಿನಲ್ಲಿ ತಪ್ಪೇನಿದೆ ಎನಿಸಿತು.

ರೆಕಾರ್ಡ್ ಪುಸ್ತಕಗಳಲ್ಲಿ ಇದ್ದದ್ದು ಉಪ್ಪಿಟ್ಟು, ರಾಗಿ ಗಂಜಿ, ಮೊಳಕೆ ಕಾಳಿನ ಕೋಸಂಬರಿ. ಪಕ್ಕದಲ್ಲಿ ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದ ಬಟ್ಟಲು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ಮುತ್ತಿನಂಥ ಅಕ್ಷರಗಳಲ್ಲಿ ಬರೆದ ಹುಡುಗಿಗೆ ಒಂದು ಕಿಲೋ ರಾಗಿಯ ಬೆಲೆ ಎಷ್ಟೆಂದು ಗೊತ್ತಿರಲಿಲ್ಲ. ‘ಕುಟುಂಬದ ಆಯವ್ಯಯ’ ಎಂಬ ಪಾಠಕ್ಕೆ ಎಲ್ಲರೂ ಒಂದೇ ಆದಾಯ, ಒಂದೇ ಬಾಡಿಗೆ, ಒಂದೇ ಉಳಿತಾಯ ಬರೆದಿದ್ದರು. ಕಾಪಿ ಹೊಡೆದಿದ್ದಾರೆಂದು ಬೈಯಬಹುದಿತ್ತು. ಆದರೆ ಅವರು ಬೇರೆ ಏನನ್ನು ಬರೆಯಬೇಕಿತ್ತು? ಮರುದಿನ ತರಗತಿಯಲ್ಲಿ ಕೇಳಿದೆ: ಕಳೆದ ಒಂದು ತಿಂಗಳಿನಲ್ಲಿ ಮನೆಗೆ ಬೇಕಾದ ವಸ್ತುವನ್ನು ತಾನೇ ಆರಿಸಿ, ತಾನೇ ಹಣ ಕೊಟ್ಟು ತಂದವರು ಎಷ್ಟು ಜನ? ಮೂವತ್ತರಲ್ಲಿ ಆರು ಜನ ಕೈ ಎತ್ತಿದರು. ಅದರಲ್ಲಿ ಇಬ್ಬರು ತಂದದ್ದು ಕೊತ್ತಂಬರಿ. ಉಳಿದವರ ಮನೆಯಲ್ಲಿ ಚೀಟಿ ಬರೆಯುವುದು ಅವ್ವ, ಸಂತೆಗೆ ಹೋಗುವುದು ಅಪ್ಪ ಅಥವಾ ಅಣ್ಣ. ಗ್ರಾಹಕರ ಹಕ್ಕುಗಳನ್ನು ನಾನು ಬೋಧಿಸುತ್ತಿದ್ದುದು ಕೈಗೆ ಚೀಲವೇ ಬಾರದವರಿಗೆ.

ಈ ವಿಷಯ ಹುಟ್ಟಿದ್ದು ಸೌಟಿನಿಂದಲ್ಲ ಎಂಬುದನ್ನು ನಾನು ಪ್ರತಿ ವರ್ಷ ಮೊದಲ ದಿನವೇ ಹೇಳುತ್ತೇನೆ. ಇದಕ್ಕೆ ಬುನಾದಿ ಹಾಕಿದ ಎಲೆನ್ ಸ್ವಾಲೋ ರಿಚರ್ಡ್ಸ್ ಎಂಬಾಕೆ 1873ರಲ್ಲಿ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಿಂದ ಪದವಿ ಪಡೆದ ಮೊದಲ ಮಹಿಳೆ. ರಸಾಯನಶಾಸ್ತ್ರಜ್ಞೆಯಾಗಿದ್ದ ಆಕೆ ಕುಡಿಯುವ ನೀರನ್ನೂ ದಿನಸಿಯ ಕಲಬೆರಕೆಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿದವಳು. ಗೃಹ ಅರ್ಥಶಾಸ್ತ್ರ ಎಂಬ ಹೆಸರಿನಲ್ಲಿ ಬೆಳೆದ ಈ ಶಾಖೆಗೆ ಅಮೆರಿಕನ್ನರು 1994ರ ಹೊತ್ತಿಗೆ ‘ಕುಟುಂಬ ಮತ್ತು ಗ್ರಾಹಕ ವಿಜ್ಞಾನ’ ಎಂದು ಹೆಸರಿಟ್ಟುಕೊಂಡರು. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅದು ಈಗ ‘ಸಮುದಾಯ ವಿಜ್ಞಾನ’. ನಮ್ಮ ಸ್ಟಾಫ್ ರೂಮಿನಲ್ಲಿ ಮಾತ್ರ ಇನ್ನೂ ‘ಅಡುಗೆ ಕ್ಲಾಸ್’. ಪ್ರಾಯೋಗಿಕ ಪರೀಕ್ಷೆಯ ದಿನ ಎಲ್ಲರಿಗಿಂತ ಮೊದಲು ನಮ್ಮ ಲ್ಯಾಬಿಗೆ ಬರುವವರು ಅಲ್ಲಿಯವರೇ, ಅದು ಬೇರೆ ಮಾತು.

ಆ ವರ್ಷ ನಾನು ಮಾಡಿದ ಬದಲಾವಣೆ ಸಣ್ಣದು. ಗ್ರಾಹಕ ಶಿಕ್ಷಣದ ಪಾಠಕ್ಕೆ ಮುಂಚೆ ಪ್ರತಿಯೊಬ್ಬಳೂ ಮನೆಯಿಂದ ನೂರು ರೂಪಾಯಿಯೊಳಗಿನ ಒಂದು ಖರೀದಿಯ ಹೊಣೆಯನ್ನು ಕೇಳಿ ಪಡೆಯಬೇಕು. ಎರಡು ಅಂಗಡಿಗಳಲ್ಲಿ ಬೆಲೆ ವಿಚಾರಿಸಬೇಕು. ನಿವ್ವಳ ತೂಕ, ತಯಾರಾದ ದಿನಾಂಕ, ಗರಿಷ್ಠ ಮಾರಾಟ ಬೆಲೆ, ಆಹಾರವಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇವನ್ನೆಲ್ಲ ಬರೆದುಕೊಂಡು ಬರಬೇಕು. ಬಿಲ್ ಕೇಳಬೇಕು. ಕೊಡದಿದ್ದರೆ ಜಗಳ ಬೇಡ, ಕೊಡಲಿಲ್ಲ ಎಂದು ಬರೆದರೆ ಸಾಕು. ಮೊದಲ ವಾರ ಅರ್ಧ ತರಗತಿ ಬರಿಗೈಯಲ್ಲಿ ಬಂತು. ‘ನಿನಗೇಕೆ ಬೇಕು ಅದೆಲ್ಲ ಎಂದು ಅಣ್ಣ ಬೈದ ಮೇಡಂ.’ ಆಗ ಪ್ರತಿ ಮನೆಗೂ ಒಂದು ಪತ್ರ ಕಳಿಸಿದೆ: ಇದು ಪ್ರಾಯೋಗಿಕ ಅಭ್ಯಾಸದ ಭಾಗ, ಆಂತರಿಕ ಮೌಲ್ಯಮಾಪನದಲ್ಲಿ ಲೆಕ್ಕಕ್ಕೆ ಬರುತ್ತದೆ. ಹಕ್ಕು ಎಂದರೆ ಕದಲದ ಮನೆ ಅಂಕ ಎಂದರೆ ಕದಲುತ್ತದೆ.

ಅವರು ತಂದ ಲೆಕ್ಕಗಳು ನನ್ನನ್ನೇ ಸರಿಯಾಗಿ ಕೂರಿಸಿ ಪಾಠ ಮಾಡಿದವು. ದೊಡ್ಡ ಪೊಟ್ಟಣ ಕೊಂಡರೆ ಅಗ್ಗ ಎಂದು ನಾನು ಕಪ್ಪು ಹಲಗೆಯ ಮೇಲೆ ವರ್ಷಗಳಿಂದ ಬರೆಯುತ್ತಿದ್ದೆ. ಶಾಂಪೂ ಕೊಂಡ ಹುಡುಗಿ ಎದ್ದು ನಿಂತು, ಎರಡು ರೂಪಾಯಿಯ ಸ್ಯಾಶೆಯಲ್ಲಿ ಆರು ಮಿಲಿಲೀಟರ್ ಇದೆ, ಅದೇ ಕಂಪನಿಯ 180 ಮಿಲಿಲೀಟರ್ ಬಾಟಲಿಗೆ 120 ರೂಪಾಯಿ ಎಂದಳು. ಭಾಗಾಕಾರ ಮಾಡಿದರೆ ಬಾಟಲಿಯ ಶಾಂಪೂ ಸರಿಯಾಗಿ ದುಪ್ಪಟ್ಟು ದುಬಾರಿ. ನಾನು ಡಸ್ಟರ್ ತೆಗೆದುಕೊಂಡು ನನ್ನ ವಾಕ್ಯವನ್ನು ಒರೆಸಿದೆ. ಮತ್ತೊಬ್ಬಳು ನೂರು ರೂಪಾಯಿಯ ಮಿತಿ ದಾಟಿ ಗ್ಯಾಸ್ ಸಿಲಿಂಡರಿಗೇ ಕೈ ಹಾಕಿದ್ದಳು. ಸಿಲಿಂಡರಿನ ಹಿಡಿಕೆಯ ಪಟ್ಟಿಯ ಮೇಲೆ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಬರೆದಿರುತ್ತಾರಲ್ಲ, ‘ಎ’ ಎಂದರೆ ಮಾರ್ಚ್, ‘ಬಿ’ ಜೂನ್, ‘ಸಿ’ ಸೆಪ್ಟೆಂಬರ್, ‘ಡಿ’ ಡಿಸೆಂಬರ್, ಅಂಕಿ ಇಸವಿಯದು. ಅಷ್ಟರೊಳಗೆ ಅದನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು. ಅವಳ ಮನೆಗೆ ಬಂದದ್ದರ ಗಡುವು ಮುಗಿದು ಎರಡು ತಿಂಗಳಾಗಿತ್ತು. ಬೇರೆಯದು ಕೊಡಿ ಎಂದಳಂತೆ. ಅದು ಬಂದ ಮೇಲೆ, ಖಾಲಿ ತೂಕಕ್ಕೆ 14.2 ಕಿಲೋ ಕೂಡಿಸಿ ತೂಗಿ ತೋರಿಸಿ ಎಂದಳಂತೆ. ತಂದವನು ‘ಯಾವ ಕ್ಲಾಸಿನಲ್ಲಿ ಓದುತ್ತೀಯವ್ವ?’ ಎಂದು ಕೇಳಿದ್ದನ್ನು ಅವಳು ವರದಿಯಲ್ಲಿ ‘ಷರಾ’ ಎಂಬ ಕಾಲಮಿನಲ್ಲಿ ಬರೆದಿದ್ದಳು.

ಇಷ್ಟು ಹೊತ್ತಿಗೆ ನನಗೆ ಸ್ವಲ್ಪ ಗರ್ವ ಬಂದಿತ್ತು. ಅರಿಶಿನದ ದಿನ ಅದು ಇಳಿಯಿತು.

ಕಲಬೆರಕೆ ಪತ್ತೆಯ ಪ್ರಯೋಗಕ್ಕೆ ಮನೆಯಿಂದ ಒಂದೊಂದು ಚಮಚ ಮಾದರಿ ತನ್ನಿ ಎಂದಿದ್ದೆ. ನೀರಿನಲ್ಲಿ ತೇಲುವ ಪಪ್ಪಾಯಿ ಬೀಜ, ಮುಳುಗುವ ಮೆಣಸು. ಹಾಲಿನಲ್ಲಿ ಪಿಷ್ಟವಿದ್ದರೆ ಅಯೋಡಿನ್ ಹಾಕಿದೊಡನೆ ನೀಲಿ. ಚಹಾ ಪುಡಿಯೊಳಗೆ ಅಯಸ್ಕಾಂತ. ಎಲ್ಲ ಸುಸೂತ್ರವಾಗಿ ನಡೆಯಿತು. ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು, ಅರಿಶಿನ ಉಳಿದಿತ್ತು. ಊರಿನ ಒಬ್ಬ ಕಿರಾಣಿ ವ್ಯಾಪಾರಿಯ ಮಗಳು ತಮ್ಮ ಅಂಗಡಿಯ ಪೊಟ್ಟಣವನ್ನೇ ತಂದಿದ್ದಳು. ಪುಡಿಗೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಹಾಕಿದೆ. ಪ್ರನಾಳದಲ್ಲಿ ನೇರಳೆಗೆಂಪು ಬಣ್ಣ ಝಗ್ಗೆಂದು ಎದ್ದಿತು. ‘ನೋಡಿ, ಮೆಟಾನಿಲ್ ಯೆಲ್ಲೊ’ ಎಂದುಬಿಟ್ಟೆ. ಅರಿಶಿನಕ್ಕೆ ಕದ್ದು ಬೆರೆಸುವ ನಿಷಿದ್ಧ ಕೃತಕ ಬಣ್ಣ ಅದು. ಮೂವತ್ತು ತಲೆಗಳು ಒಟ್ಟಿಗೆ ಆ ಹುಡುಗಿಯತ್ತ ತಿರುಗಿದವು.

ಅಪ್ಪಟ ಅರಿಶಿನವೂ ಆಮ್ಲಕ್ಕೆ ಬಣ್ಣ ಬದಲಿಸುತ್ತದೆ. ಪರೀಕ್ಷೆಯ ಜೀವ ಇರುವುದು ಮುಂದಿನ ಹೆಜ್ಜೆಯಲ್ಲಿ: ನೀರು ಬೆರೆಸಿ ತೆಳುವಾಗಿಸಿದಾಗ ಆ ಬಣ್ಣ ಹೋದರೆ ಅರಿಶಿನ ಚೊಕ್ಕ, ನಿಂತರೆ ಮಾತ್ರ ಮೆಟಾನಿಲ್ ಯೆಲ್ಲೊ ಇದೆಯೆಂಬ ಅನುಮಾನ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಹತ್ತಾರು ಸಲ ಬರೆಸಿದ್ದೇನೆ. ಗಂಟೆಯ ಅವಸರ, ಜೊತೆಗೆ ಕಳ್ಳನನ್ನು ಹಿಡಿದ ಉಮೇದು. ಸಂಜೆ ಎಲ್ಲರೂ ಹೋದ ಮೇಲೆ ಪ್ರನಾಳ ತೊಳೆಯಲು ನೀರು ಬಿಟ್ಟೆ. ಕೆಂಪು ಕರಗಿ ಹೋಯಿತು. ನಲ್ಲಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ.

ಹುಡುಗಿ ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ತರಗತಿಯಲ್ಲಿ ಅದೇ ಪೊಟ್ಟಣದಿಂದ ಪ್ರಯೋಗವನ್ನು ಪೂರ್ತಿ ಮಾಡಿ ತೋರಿಸಿ, ತಪ್ಪು ನನ್ನದೆಂದು ಹೇಳಿ, ಸಂಜೆ ಅಂಗಡಿಗೆ ಹೋದೆ. ಅವಳ ಅಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಏಳಲಿಲ್ಲ. ‘ಕೊಂಬು ತಂದು ನಮ್ಮೂರ ಗಿರಣಿಯಲ್ಲೇ ಬೀಸಿಸುತ್ತೇನೆ ಅಕ್ಕನವರೇ. ನಿಮ್ಮ ಕಾಲೇಜಿನ ಹುಡುಗಿಯರ ಅವ್ವಂದಿರೇ ನನ್ನ ಗಿರಾಕಿಗಳು. ಎರಡು ದಿನದಿಂದ ಅರಿಶಿನ ಯಾರೂ ಕೇಳುತ್ತಿಲ್ಲ’ ಎಂದರು. ನಾನು ಕ್ಷಮೆ ಕೇಳಿದೆ. ಕಾಲು ಕಿಲೋ ಅರಿಶಿನ ಕಟ್ಟಿಸಿಕೊಂಡೆ. ಅವರು ತಕ್ಕಡಿಯ ಪಕ್ಕಕ್ಕೆ ಬಾಗಿ ಅದರ ಮೇಲಿದ್ದ ತೂಕ ಮತ್ತು ಅಳತೆ ಇಲಾಖೆಯ ಮುದ್ರೆಯನ್ನು ಬೆರಳಿನಿಂದ ತೋರಿಸಿದರು. ‘ವರ್ಷ ವರ್ಷ ಮುದ್ರೆ ಹಾಕಿಸುತ್ತೇನೆ. ಇದನ್ನೂ ನಿಮ್ಮ ಮಕ್ಕಳಿಗೆ ಹೇಳಿ.’

ಹೇಳಿದೆ. ಅಷ್ಟಕ್ಕೇ ಮುಗಿಯಿತೆಂದು ನಾನು ಅಂದುಕೊಂಡಿದ್ದೆ. ಮುಂದಿನ ವಾರ ಆ ಹುಡುಗಿಯೇ ಎದ್ದು, ‘ಮೇಡಂ, ನಮ್ಮ ಅರಿಶಿನ ಚೊಕ್ಕ ಇದೆ, ಆದರೆ ನಮ್ಮ ಪೊಟ್ಟಣ ಸರಿ ಇಲ್ಲ’ ಎಂದಳು. ನಿಜ. ಸ್ಟೇಪ್ಲರ್ ಹೊಡೆದ ಪ್ಲಾಸ್ಟಿಕ್ ಪೊಟ್ಟಣದ ಮೇಲೆ ಹೆಸರಿಲ್ಲ, ತೂಕವಿಲ್ಲ, ದಿನಾಂಕವಿಲ್ಲ, ಸಂಖ್ಯೆಯೂ ಇಲ್ಲ. ಆಮ್ಲದ ಬಾಟಲಿ ಹಿಡಿದಿದ್ದ ನನಗೆ ಕಣ್ಣೆದುರಿನ ಖಾಲಿ ಪೊಟ್ಟಣ ಕಂಡಿರಲಿಲ್ಲ. ಆಗಿನ ನಿಯಮದಂತೆ ವರ್ಷದ ವಹಿವಾಟು 12 ಲಕ್ಷ ರೂಪಾಯಿ ದಾಟದ ಸಣ್ಣ ಆಹಾರ ವ್ಯಾಪಾರಿಗೆ ಪರವಾನಗಿ ಬೇಕಿರಲಿಲ್ಲ, ನೋಂದಣಿ ಸಾಕಿತ್ತು. ಶುಲ್ಕ ವರ್ಷಕ್ಕೆ ನೂರು ರೂಪಾಯಿ ಇತ್ತು. ತನ್ನ ನೂರು ರೂಪಾಯಿಯ ಖರೀದಿ ಅದೇ ಆಗಲಿ ಎಂದು ಅವಳು ಹಟ ಹಿಡಿದಳು. ಅಪ್ಪ ಗೊಣಗಿದರಂತೆ, ಆಧಾರ್ ಕಾರ್ಡನ್ನೂ ಕೊಟ್ಟರಂತೆ. ಅರ್ಜಿ ತುಂಬಿದವಳು ಅವಳು.

ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಮಾದರಿಗಳಿಗೆ ಹೆಸರಿಲ್ಲ. ಎಲ್ಲರೂ ತಂದದ್ದನ್ನು ಅಟೆಂಡರ್ ಒಂದೇ ಬಗೆಯ ಸೀಸೆಗಳಿಗೆ ತುಂಬಿ ಸಂಖ್ಯೆ ಅಂಟಿಸುತ್ತಾರೆ. ಅನುಮಾನ ಬಂದ ಮಾದರಿಯನ್ನು ‘ಕಲಬೆರಕೆ’ ಎಂದು ಬರೆಯುವಂತಿಲ್ಲ, ‘ಮತ್ತೆ ಪರೀಕ್ಷಿಸಬೇಕು’ ಎಂದಷ್ಟೇ. ತೀರ್ಪು ಕೊಡಬೇಕಾದವರು ಆಹಾರ ವಿಶ್ಲೇಷಕರು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನ ಪ್ರಕಾರ ಕೊಂಡವರು ಯಾರೇ ಆಗಲಿ ಶುಲ್ಕ ಕಟ್ಟಿ ಅವರಿಂದ ಪರೀಕ್ಷೆ ಮಾಡಿಸಬಹುದು. ಹೊಲಿಗೆಯ ತರಗತಿಗೂ ಈ ಎಚ್ಚರ ಬಂದಿದೆ. ಕಸೂತಿ ಕಲಿಸಲು ಬರುವ ಒಬ್ಬ ಅಜ್ಜಿ, ಎರಡೂ ಬದಿ ಒಂದೇ ಥರ ಕಾಣಬೇಕಾದ ಗವಂತಿ ಹೊಲಿಗೆಯ ಬಟ್ಟೆಯನ್ನು ಮೊದಲು ಹಿಂದುಮುಂದಾಗಿಸಿ ನೋಡುತ್ತಾರೆ. ಗಂಟು ಕಂಡರೆ ಬಿಚ್ಚಿಸುತ್ತಾರೆ. ಹುಡುಗರು ಈ ವಿಷಯಕ್ಕೆ ಈಗಲೂ ಸೇರುವುದಿಲ್ಲ. ಶನಿವಾರ ಗುಂಡಿ ಹೊಲಿಯುವುದನ್ನು ಕಲಿಸುತ್ತೇನೆ ಎಂದು ಕರೆದರೆ ಏಳೆಂಟು ಜನ ಬರುತ್ತಾರೆ, ಬಾಗಿಲು ಮುಂದೆ ಮಾಡಿ ಎನ್ನುತ್ತಾರೆ.

ಸಂಖ್ಯೆ ಅಂಟಿಸಿದ ಸೀಸೆಗಳಲ್ಲಿ ಒಂದು ಪ್ರತಿ ವರ್ಷವೂ ನನ್ನ ಮನೆಯದು. ಈ ಸಲ ಹಿಂಗು ಕೊಟ್ಟಿದ್ದೆ. ಕೊನೆಗೆ ಸಂಖ್ಯೆ ಬಿಚ್ಚಿದಾಗ ಡಬ್ಬಿಯನ್ನೂ ಮೇಜಿನ ಮೇಲಿಟ್ಟೆ. ಒಬ್ಬಳು ಅದನ್ನು ತಿರುಗಿಸಿ ಗಟ್ಟಿಯಾಗಿ ಓದಿದಳು: ಖಾದ್ಯ ಅಂಟು, ಗೋಧಿ ಹಿಟ್ಟು, ಆಮೇಲೆ ಹಿಂಗು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂದು ಕಲಿಸಿದವಳು ನಾನೇ. ಇದು ಕಲಬೆರಕೆಯಲ್ಲ, ಕಾನೂನೇ ಒಪ್ಪಿದ ಕೂಟು ಹಿಂಗು, ಅಪ್ಪಟ ಹಿಂಗಿನ ಘಾಟು ತಡೆಯಲಾಗದ್ದಕ್ಕೆ ಹೀಗೆ ಬೆರೆಸುತ್ತಾರೆ ಎಂದು ವಿವರಿಸಲು ಹೊರಟೆ. ‘ಮತ್ತೆ ಪರೀಕ್ಷಿಸಬೇಕು ಎಂದು ಬರೆಯಲೇ ಮೇಡಂ?’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.