ಮುಜಂಟಿ ಗೂಡು ಎತ್ತಿ ಇಡುವ ಮೊದಲು

ಹಳೆಯ ಮಣ್ಣಿನ ಮನೆ ಕೆಡವಿ ಟೆರೇಸ್ ಮನೆ ಕಟ್ಟಿಸುವ ಗಡಿಬಿಡಿ ನಮ್ಮ ಬದಿಯಡ್ಕ, ಪೆರ್ಲದ ಕಡೆ ಈಗ ಜೋರು. ಕಟ್ಟಿಸಲಿ, ಬೇಡ ಅನ್ನಲು ನಾನ್ಯಾರು? ಆದರೆ ಗೋಡೆಯೊಳಗಿನ ಮುಜಂಟಿಯನ್ನು, ಅದೇ ಆ ಚುಚ್ಚದ ಪುಟ್ಟ ಜೇನನ್ನು, ಮಟಮಟ ಮಧ್ಯಾಹ್ನ ಕಿತ್ತು ಮಡಕೆಗೆ ತುಂಬಿ, ಅಂಗಳದ ಆಚೆ ಪೇರಳೆ ಮರಕ್ಕೆ ನೇತುಹಾಕಿ, ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಾರಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಂಜೆ ಹೋಗಿ ನೋಡಬೇಕು. ಮೇವಿಗೆ ಹೋಗಿದ್ದ ನೊಣಗಳೆಲ್ಲ ಇಲ್ಲದ ಗೋಡೆಯ ಮುಂದೆ, ಮೊದಲು ತೂತು ಇದ್ದ ಎತ್ತರಕ್ಕೇ ಸರಿಯಾಗಿ, ಬರೀ ಗಾಳಿಯಲ್ಲಿ ಸುತ್ತುತ್ತಿರುತ್ತವೆ. ಮಡಕೆ ಕೂಗಳತೆಯಲ್ಲೇ ಇದೆ. ಆದರೂ ಹೋಗುವುದಿಲ್ಲ. “ಇವಕ್ಕೆ ಕಣ್ಣಿಲ್ವಾ ಅಜ್ಜಿ?” ಅಂತ ಕೇಳುತ್ತಾರೆ. ಕಣ್ಣಿರುವುದರಿಂದಲೇ ಮಾರಾಯ್ರೆ ಅವು ಅಲ್ಲಿ ಸುತ್ತುವುದು!

ಮುಜಂಟಿಗೆ ಮನೆ ಎಂದರೆ ಮಡಕೆಯಲ್ಲ, ಜಾಗ. ಹೊಸದಾಗಿ ಹೊರಗೆ ಹೊರಡುವ ನೊಣವನ್ನು ಬೆಳಗ್ಗಿನ ಬಿಸಿಲಲ್ಲಿ ಒಮ್ಮೆ ಗಮನಿಸಿ. ಬಾಗಿಲಿನಿಂದ ಹಾರಿದ್ದೇ ನೆಟ್ಟಗೆ ಹೋಗುವುದಿಲ್ಲ. ತಿರುಗಿ ಗೂಡಿಗೇ ಮುಖ ಮಾಡುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ, ಸ್ವಲ್ಪ ಹಿಂದೆ ಸರಿದು, ಇನ್ನೂ ಅಗಲಕ್ಕೆ ತೂಗಿ, ಕಂಬ, ತುಳಸಿಕಟ್ಟೆ, ಮಾಡಿನ ಅಂಚು ಎಲ್ಲದರ ಗುರುತು ಹಿಡಿದ ಮೇಲೆಯೇ ತೋಟದ ಕಡೆ ಹೋಗುವುದು. ನನ್ನ ಅತ್ತೆ ಚಿಟ್ಟೆಯಲ್ಲಿ, ಅಂದರೆ ಜಗಲಿಯ ಕಟ್ಟೆಯಲ್ಲಿ, ಕೂತು ಅಡಿಕೆ ಸುಲಿಯುತ್ತಾ ಇದನ್ನು ತೋರಿಸಿಕೊಟ್ಟವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮುಂದೆ ಮೊಮ್ಮಗಳು ಪಾಠದಲ್ಲಿದ್ದದ್ದನ್ನು ಹೇಳಿದಳು: ಟಿನ್‌ಬರ್ಗೆನ್ ಎಂಬ ಡಚ್ಚರವನು ಕಣಜದ ಬಿಲದ ಸುತ್ತ ಪೈನ್ ಕಾಯಿಗಳನ್ನು ಉರುಟಾಗಿ ಇಟ್ಟನಂತೆ. ಅದು ಹೊರಗೆ ಹೋದ ಮೇಲೆ ಆ ಸಾಲನ್ನು ಪಕ್ಕಕ್ಕೆ ಸರಿಸಿದನಂತೆ. ಕಣಜ ಬಂದು ಕಾಯಿಗಳ ನಡುವೆಯೇ ಬಾಗಿಲು ಹುಡುಕಿತು, ಪಕ್ಕದಲ್ಲೇ ಇದ್ದ ಸ್ವಂತ ಬಿಲಕ್ಕೆ ಹೋಗಲಿಲ್ಲ. ಜೇನು ಕುಣಿದು ದಾರಿ ಹೇಳುವುದನ್ನು ಕಂಡುಹಿಡಿದ ಫ್ರಿಶ್ ಎಂಬವನ, ಮತ್ತೆ ಲೊರೆಂಟ್ಸ್ ಎಂಬ ಇನ್ನೊಬ್ಬನ ಜೊತೆ ಟಿನ್‌ಬರ್ಗೆನ್‌ಗೆ 1973ರಲ್ಲಿ ನೊಬೆಲ್ ಸಿಕ್ಕಿತು. ಆ ಕುಣಿತ ತುಡುವೆ ಜೇನಿಗೆ ಉಂಟು, ಮುಜಂಟಿಗೆ ಇಲ್ಲ.

ಸರಿ, ಕೆಲಸಕ್ಕೆ ಬರುವ. ಮಳೆಗಾಲದಲ್ಲಿ ಗೂಡು ಮುಟ್ಟಲೇಬೇಡಿ. ಮಳೆ ಹೋಗಿ, ಹೂವು ಇರುವ, ಬಿಸಿಲು ಹಿತವಾದ ದಿನ ನೋಡಿಕೊಳ್ಳಿ. ಮಡಕೆ ಹಳತಾದರೆ ಒಳ್ಳೆಯದು. ಹೊಸತಾದರೆ ನಾಲ್ಕು ದಿನ ನೀರಲ್ಲಿಟ್ಟು ಒಣಗಿಸಿ. ಪೈಂಟು ಬಳಿಯಬೇಡಿ. ಒಬ್ಬಳು ಚಂದಕ್ಕೆಂದು ಮಡಕೆಯ ಬಾಯಿಯ ಸುತ್ತ ಕೆಂಪು ಹೂವು ಬರೆದಿದ್ದಳು, ನೊಣಕ್ಕೆ ಗುರುತಾಗಲಿ ಅಂತ. ಜೇನುನೊಣದ ಕಣ್ಣಿಗೆ ಕೆಂಪು ಹಿಡಿಯುವುದೇ ಇಲ್ಲ, ಕಪ್ಪೆಂದೇ ಲೆಕ್ಕ. ನಮಗೆ ಕಾಣದ ನೇರಳಾತೀತ ಬೆಳಕು ಅದಕ್ಕೆ ಕಾಣುತ್ತದೆ. ಸಾಲದ್ದಕ್ಕೆ ಪೈಂಟಿನ ವಾಸನೆ ಬೇರೆ.

ಈಗ ನಾನು ಯಾರು ನಕ್ಕರೂ ಬಿಡದ ಕ್ರಮ ಹೇಳುತ್ತೇನೆ. ಗೋಡೆಯ ತೂತಿನಿಂದ ಮೇಣದ ಕೊಳವೆಯೊಂದು ಹೊರಗೆ ಚಾಚಿರುತ್ತದಲ್ಲ, ಕಾವಲಿನ ನೊಣಗಳು ಕೂರುವ ಜಾಗ, ಅದನ್ನು ಮೊದಲು ತೆಗೆಯಬೇಕು. ಎಲ್ಲರೂ ಗುದ್ದಲಿಯ ಮೊದಲ ಏಟಿಗೇ ಅದನ್ನು ಉದುರಿಸುತ್ತಾರೆ! ಬೆಳಗ್ಗಿನ ತಂಪಿನಲ್ಲಿ ಅದು ಗಟ್ಟಿ ಇದ್ದು ಒಡೆಯುತ್ತದೆ, ನಡು ಮಧ್ಯಾಹ್ನ ಕೈಗೆ ಮೆತ್ತಿಕೊಳ್ಳುತ್ತದೆ. ಬಿಸಿಲು ಸ್ವಲ್ಪ ತಾಗಿ ಮೆತ್ತಗಾದ ಹೊತ್ತಿಗೆ ತೆಳು ಅಲಗಿನ ಚೂರಿಯನ್ನು ಗೋಡೆಗೆ ತಾಗಿಸಿಯೇ ಸುತ್ತ ಓಡಿಸಿ ಬುಡಸಮೇತ ಬಿಡಿಸಿ. ಹಿಸುಕಬಾರದು. ಸಾಬೂನು ಹಚ್ಚಿದ ಕೈ, ಬೆಳ್ಳುಳ್ಳಿ ಜಜ್ಜಿದ ಕೈ ಬೇಡವೇ ಬೇಡ. ಬಿಡಿಸಿದ್ದನ್ನು ಬಾಳೆಲೆ ತುಂಡಿನಲ್ಲಿ ನೆರಳಿಗಿಡಿ. ಮಡಕೆಯ ತೂತು ಕಿರುಬೆರಳಿನ ತುದಿ ಹೋಗುವಷ್ಟಿದ್ದರೆ ಸಾಕು. ಅದರ ಸುತ್ತ ಈ ಕೊಳವೆಯನ್ನು ಬುಡದಿಂದ ಒತ್ತಿ ಅಂಟಿಸಿ. ಮೊದಲು ಯಾವ ಬದಿ ಮೇಲಿತ್ತೋ ಅದೇ ಮೇಲೆ ಬರಬೇಕು. ನೊಣ ದೂರದಿಂದ ಕಣ್ಣಿನ ಗುರುತಿಗೆ ಬರುತ್ತದೆ, ಬಾಗಿಲಿಗೆ ಬಂದ ಮೇಲೆ ಮೀಸೆಯಿಂದ ಮೂಸುತ್ತದೆ. ತನ್ನ ಗೂಡಿನ ಅಂಟಿನ ವಾಸನೆ ಸಿಕ್ಕಿದರೆ ಒಳಗೆ, ಇಲ್ಲದಿದ್ದರೆ ಅಲ್ಲೇ ಸುತ್ತಾಟ.

ಆಮೇಲೆ ಗೋಡೆ ಬಿಡಿಸಿ. ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಚುಚ್ಚುವುದಿಲ್ಲ ನಿಜ, ಕೂದಲು, ಕಿವಿಗೆ ನುಗ್ಗಿ ಕಚ್ಚುತ್ತದೆ. ಮೊಟ್ಟೆ ಮರಿಗಳ ಕಂದು ಗೊಂಚಲನ್ನು ಅಡಿಮೇಲು ಮಾಡದೆ ಇಡಿ. ಹೊಟ್ಟೆ ಉಬ್ಬಿದ ರಾಣಿ ಅದರ ಸಂದಿಯಲ್ಲೇ ಓಡಾಡುತ್ತಿರುತ್ತದೆ. ಹೂಪುಡಿಯ ಗುಳಿಗೆಗಳು, ಒಡೆಯದ ಜೇನಿನ ಗುಳಿಗೆ ಒಂದಿಷ್ಟು ಸಾಕು. ಒಡೆದ ಜೇನು ಒಳಗೆ ಹೋದರೆ ನೊಣ ಅದರಲ್ಲೇ ಮುಳುಗಿ ಸಾಯುತ್ತದೆ, ಮತ್ತೆ ಇರುವೆಯ ಕಾಟ. ಇರುವೆಯೆಂದಾಗ ನೆನಪಾಯಿತು, ಹಲಸಿನ ಹಪ್ಪಳದ ಡಬ್ಬಿಗೆ ಇರುವೆ ಬಂತೆಂದು ಡಬ್ಬಿಯನ್ನು ಬಿಸಿಲಿಗಿಟ್ಟು ನೆಲ ಒರೆಸದೆ ಬಿಡುತ್ತಾರೆ ಈಗಿನ ಸೊಸೆಯಂದಿರು. ಮುಂದೆ ಹೋದ ಇರುವೆ ನೆಲದಲ್ಲಿ ಬಿಟ್ಟ ವಾಸನೆಯ ಜಾಡು ಹಿಡಿದೇ ಹಿಂದಿನದು ಬರುವುದು. ಆ ಸಾಲನ್ನು ಸಾಬೂನು ನೀರಿನಲ್ಲಿ ಉಜ್ಜಿ ಒರೆಸಿ.

ಮುಚ್ಚಳದ ಸಂದಿಗೆ ಅಂಟುಮಣ್ಣು ಮೆತ್ತಿ. ಮಡಕೆಯ ಬಾಗಿಲು ಹಳೆಯ ತೂತು ಇದ್ದಲ್ಲಿಗೇ, ಅದೇ ಎತ್ತರಕ್ಕೆ, ಅದೇ ದಿಕ್ಕಿಗೆ ಬರಬೇಕು. ಗೋಡೆ ಹೋದರೆ ಹೋಗಲಿ, ಅಡಿಕೆಯ ಸಲಾಕೆ ನೆಟ್ಟು ಅದರ ಮೇಲಿಡಿ. ಸುತ್ತಲಿನ ಹೂಕುಂಡ, ಬಟ್ಟೆ ಒಣಗಿಸುವ ಹಗ್ಗ, ಒರಗಿಸಿಟ್ಟ ಏಣಿ ಯಾವುದನ್ನೂ ಆ ವಾರ ಕದಲಿಸಬೇಡಿ. ಹೊತ್ತು ಮುಳುಗುವಾಗ ಕೊನೆಯ ನೊಣವೂ ಒಳಗೆ ಹೋಗಿರುತ್ತದೆ.

ಅಂಗಳದ ಆಚೆ ಬದಿಗೇ ಬೇಕು ಅನ್ನುವವರು ದಿನಕ್ಕೊಂದು ಮೊಳದಂತೆ ಸರಿಸುತ್ತಾ ಹೋಗಿ. ತಾಳ್ಮೆ ಇಲ್ಲದವರು ರಾತ್ರಿ ತೂತಿಗೆ ತೆಳು ಬಲೆ ಕಟ್ಟಿ, ಒಂದು ಕಿಲೋಮೀಟರಿಗಿಂತ ಆಚೆ ಇರುವ ನೆಂಟರ ಮನೆಯಲ್ಲಿ ಇಡಿ. ಮುಜಂಟಿ ಮೇವಿಗೆ ಅಷ್ಟು ದೂರ ಹೋಗುವುದಿಲ್ಲ. ಹಾಗಾಗಿ ಹಳೆಯ ಜಾಗಕ್ಕೆ ವಾಪಸಾಗುವ ದಾರಿ ಸಿಗುವುದಿಲ್ಲ, ಅಲ್ಲಿಯ ಗುರುತನ್ನು ಹೊಸದಾಗಿ ಕಲಿಯುತ್ತದೆ. ಎರಡು ಮೂರು ವಾರ ಬಿಟ್ಟು ರಾತ್ರಿಯೇ ತಂದು ಬೇಕಾದಲ್ಲಿ ಕಟ್ಟಿ. ತಂದ ಮರುದಿನ ಬಾಗಿಲಿಗೆ ಅಡ್ಡವಾಗಿ ಸೊಪ್ಪಿನ ಗೆಲ್ಲೊಂದನ್ನು ಸಿಕ್ಕಿಸಿದರೆ, ಹೊರಬಂದ ನೊಣ ತಡೆದು ನಿಂತು ಜಾಗವನ್ನು ಮತ್ತೆ ನೋಡಿಕೊಳ್ಳುತ್ತದೆ. ನೇತುಹಾಕುವ ಹಗ್ಗಕ್ಕೆ ಗ್ರೀಸ್ ಮೆತ್ತಿದ ಬಟ್ಟೆ ಸುತ್ತಿ, ಪಡುವಣ ಬಿಸಿಲು ನೇರ ಬೀಳದ ಹಾಗೆ ನೋಡಿಕೊಳ್ಳಿ. ಮೊದಲ ವರ್ಷ ಜೇನು ತೆಗೆಯಲು ಹೋಗಬೇಡಿ. ತೆಗೆದಾಗಲೂ ವರ್ಷ ತುಂಬದ ಮಗುವಿನ ನಾಲಿಗೆಗೆ ಹಚ್ಚಬೇಡಿ. ನಮ್ಮ ಕಾಲದಲ್ಲಿ ಹಚ್ಚುತ್ತಿದ್ದೆವು, ಈಗ ಡಾಕ್ಟರು ಬೇಡ ಅನ್ನುತ್ತಾರೆ, ಅದಕ್ಕೆ ಕಾರಣವೂ ಉಂಟು.